ಪಿಟೀಲು ಮಾತಾಡದಿದ್ದರೆ ಮೊದಲು ರೋಸಿನ್ ನೋಡಿ

ಹೊಸ ಪಿಟೀಲಿನ ಪೆಟ್ಟಿಗೆ ತೆರೆದರೆ ಒಳಗೆ ಪಿಟೀಲು, ಕಮಾನು, ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡದಾದ ಒಂದು ಡಬ್ಬಿ ಇರುತ್ತದೆ. ಡಬ್ಬಿಯೊಳಗೆ ಜೇನಿನ ಬಣ್ಣದ ಗಟ್ಟಿ. ಅದನ್ನು ಹೇಗೆ ಬಳಸಬೇಕು ಅಂತ ಸಾಮಾನ್ಯವಾಗಿ ಎಲ್ಲೂ ಬರೆದಿರುವುದಿಲ್ಲ. ಎದುರಿಗೆ ಗುರುಗಳಿದ್ದರೆ ಮೊದಲ ದಿನವೇ ತೋರಿಸಿಕೊಡುತ್ತಾರೆ. ಫೋನ್ ನೋಡಿಕೊಂಡು ಕಲಿಯುವ ಮಕ್ಕಳ ಮನೆಯಲ್ಲಿ ಆ ಡಬ್ಬಿ ಎಷ್ಟೋ ಸಲ ಹಾಗೇ ಉಳಿದುಬಿಡುತ್ತದೆ. ಅದರ ಹೆಸರು ರೋಸಿನ್. ಅದಿಲ್ಲದೆ ಎಂಟು ಸಾವಿರದ ಪಿಟೀಲೂ ಮೂಕ, ಎಂಟು ಲಕ್ಷದ ಪಿಟೀಲೂ ಮೂಕ.

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆ ಸಂಗೀತಕ್ಕೇನೂ ಬರ ಇಲ್ಲ. ಭಜನೆ ಇಲ್ಲದ ಊರು ಹುಡುಕಿದರೂ ಸಿಗದು. ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುವವರಿದ್ದಾರೆ, ಏಕತಾರಿ ಇದೆ, ಹಾರ್ಮೋನಿಯಂ-ತಬಲಾ ಇದೆ. ಆದರೆ ಕಮಾನಿನಿಂದ ನುಡಿಸುವ ವಾದ್ಯ ಮನೆಮನೆಯ ವಾದ್ಯವಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳು (1914–2010) ಬೇರೆ ವಾದ್ಯಗಳ ಜೊತೆಗೆ ಪಿಟೀಲನ್ನೂ ನುಡಿಸುತ್ತಿದ್ದರು. ಅಂಥ ಕಡೆ ಕಲಿತು ಬಂದವರ ಹತ್ತಿರ ಈ ತಿಳಿವಳಿಕೆ ಇರುತ್ತದೆ. ಉಳಿದವರಿಗೆ ಕೇಳೋಣ ಅಂದರೆ ಹತ್ತಿರದಲ್ಲಿ ಯಾರೂ ಇರುವುದಿಲ್ಲ. ಅದಕ್ಕೇ ಈ ಬರಹ.

ವಾಪಸ್ ಹೋಗಲಿದ್ದ ಪಿಟೀಲು

ನಾನು ಆಳಂದ ತಾಲೂಕಿನವನು. ಕಲಬುರಗಿಯಲ್ಲಿ ಎಂಜಿನಿಯರಿಂಗ್ ಮುಗಿಸಿ ಎಂಟು ವರ್ಷದಿಂದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೇನೆ. ಐದು ವರ್ಷದಿಂದ ವಾರಾಂತ್ಯದಲ್ಲಿ ಪಿಟೀಲು ಕ್ಲಾಸಿಗೆ ಹೋಗುತ್ತೇನೆ. ಅಕ್ಕನ ಮನೆ ಜೇವರ್ಗಿಯಲ್ಲಿ. ರಜೆಗೆ ಹೋದಾಗ ನನ್ನ ಪಿಟೀಲು ನೋಡಿದ ಅಕ್ಕನ ಮಗಳು ತನಗೂ ಬೇಕು ಅಂತ ಹಟ ಹಿಡಿದಳು. ಆಗ ಆಕೆಗೆ ಏಳನೇ ಕ್ಲಾಸು. ಭಾವ ತೊಗರಿ ಮಾರಿದ ರೊಕ್ಕದಲ್ಲಿ ಎಂಟು ಸಾವಿರದ ಪಿಟೀಲು ಆನ್‌ಲೈನ್‌ನಲ್ಲಿ ತರಿಸಿದರು. ಮೇ ತಿಂಗಳು. ಪಾರ್ಸೆಲ್ ಬಂದ ಮೂರನೇ ದಿನಕ್ಕೆ ವಿಡಿಯೊ ಕಾಲ್ ಬಂತು.

"ಮಾಮಾ, ಇದು ಮೂಕ ಅದ. ಕಮಾನು ಸರ್ ಅಂತ ಜಾರ್ತದ, ಆವಾಜೇ ಬರವಲ್ದು."

ಹಿಂದಿನಿಂದ ಭಾವ ಅಂದರು: "ನೋಡಪಾ, ಪೀಸೇ ಖರಾಬ್ ಬಂದದ. ನಾಳಿಗಿ ವಾಪಸ್ ಕಳಸ್ತೀನಿ."

"ಮತ್ತ ಬ್ಯಾರೇದು ತರಸ್ತೀರೇನು?" ಅಂತ ಕೇಳಿದೆ.

"ಬಿತ್ತಗಿ ಹತ್ರ ಬಂತು. ಆ ರೊಕ್ಕ ಬಂದ್ರ ಬೀಜಕ್ಕ ಆಗ್ತದ. ಮುಂದ ನೋಡೋಣು."

ರೈತರ ಮನೆಯಲ್ಲಿ ಬೆಳೆದವರಿಗೆ ಈ "ಮುಂದ ನೋಡೋಣು" ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಅವರ ಮಾತಿನಲ್ಲಿ ತಪ್ಪೂ ಇರಲಿಲ್ಲ. ಬೀಜಕ್ಕೆ ಹೋದ ರೊಕ್ಕ ಮತ್ತೆ ಪಿಟೀಲಾಗಿ ಬರುವುದು ಕಷ್ಟ. ಹುಡುಗಿ ಆಗಲೇ ಅಳುವ ಹಾಗೆ ಮುಖ ಮಾಡಿದ್ದಳು.

ಕಮಾನನ್ನು ಕ್ಯಾಮೆರಾ ಹತ್ತಿರ ಹಿಡಿ ಅಂದೆ. ಕೂದಲು ನುಣ್ಣಗೆ ಹೊಳೆಯುತ್ತಿತ್ತು. ಒಂದು ಚೂರೂ ಬಿಳಿ ಪುಡಿ ಇಲ್ಲ. "ಪೆಟ್ಟಿಗ್ಯಾಗ ಒಂದು ಹಳದಿ ಗಟ್ಟಿ ಇರಬೇಕು ನೋಡವ್ವ" ಅಂದೆ. "ಅದ ಮಾಮಾ. ಸಾಬೂನದ ಅಂತ ಅವ್ವ ಮ್ಯಾಲ ಎತ್ತಿಟ್ಟಾಳ."

ಮನೆಯಲ್ಲಿ ಕಿಟಕಿಗೆ ಬಣ್ಣ ಹಚ್ಚುವಾಗ ಉಳಿದಿದ್ದ ಪಾಲಿಶ್ ಪೇಪರ್ ಸಿಕ್ಕಿತು. ಅದರಿಂದ ಗಟ್ಟಿಯ ಮೇಲ್ಮೈ ಮೆಲ್ಲಗೆ ಕೆರೆಸಿದೆ. ಕಮಾನನ್ನು ಅದರ ಮೇಲೆ ನಿಧಾನಕ್ಕೆ ಐವತ್ತು ಸಲ ಎಳೆಸಿದೆ. ಮೂವತ್ತರವರೆಗೆ ಭಾವ ನಗುತ್ತಿದ್ದರು. ಐವತ್ತು ಮುಗಿದ ಮೇಲೆ ತಂತಿಯ ಮೇಲೆ ಕಮಾನು ಇಟ್ಟಳು. ಬಂದ ದನಿ ಗೊಗ್ಗರೇ, ಆದರೆ ಬಂತು. ಪಿಟೀಲು ವಾಪಸ್ ಹೋಗಲಿಲ್ಲ. ಕಲಿಕೆ ಶುರುವಾಗಿ ಈಗ ಒಂದೂವರೆ ವರ್ಷ. ಬೀಜದ ರೊಕ್ಕಕ್ಕೆ ಭಾವ ಬೇರೆ ದಾರಿ ನೋಡಿಕೊಂಡರು.

ಇಷ್ಟು ಸಣ್ಣ ಗಟ್ಟಿ ಮಾಡುವ ಕೆಲಸವೇನು?

ಎಣ್ಣೆ ಕಾಣದ ಬಾಗಿಲು ಯಾಕೆ ಕಿರ್ ಅನ್ನುತ್ತದೆ ಯೋಚಿಸಿ. ಬಿಜಾಗರಿ ಒಂದು ಕ್ಷಣ ಹಿಡಿದುಕೊಳ್ಳುತ್ತದೆ, ಮರುಕ್ಷಣ ಜಾರುತ್ತದೆ, ಮತ್ತೆ ಹಿಡಿದುಕೊಳ್ಳುತ್ತದೆ. ಪಿಟೀಲಿನ ನಾದವೂ ಹೀಗೇ ಹುಟ್ಟುವುದು. ಕಮಾನಿನ ಕೂದಲು ತಂತಿಯನ್ನು ಹಿಡಿದು ತನ್ನ ಜೊತೆ ಎಳೆದುಕೊಂಡು ಹೋಗುತ್ತದೆ. ಎಳೆತ ಹೆಚ್ಚಾದಾಗ ತಂತಿ ಜಾರಿ ಹಿಂದಕ್ಕೆ ಹಾರುತ್ತದೆ. ಕೂದಲು ಮತ್ತೆ ಅದನ್ನು ಹಿಡಿಯುತ್ತದೆ. 440 ಹರ್ಟ್ಸ್‌ನ ಸ್ವರ ನುಡಿಸಿದರೆ ಈ ಹಿಡಿ-ಬಿಡು ಒಂದು ಸೆಕೆಂಡಿಗೆ 440 ಸಲ ನಡೆಯುತ್ತದೆ.

ಬರೀ ಕುದುರೆ ಕೂದಲಿಗೆ ಈ ಹಿಡಿತ ಇಲ್ಲ. ಕೂದಲ ಮೇಲಿನ ಸಣ್ಣ ಪೊರೆಗಳೇ ತಂತಿಯನ್ನು ಮೀಟುತ್ತವೆ ಅಂತ ಕೆಲವರು ಹೇಳುವುದುಂಟು. ಹಾಗಿದ್ದರೆ ಜೇವರ್ಗಿಯ ಪಿಟೀಲು ಮೊದಲ ದಿನವೇ ನುಡಿಯಬೇಕಿತ್ತು. ಹಿಡಿಯುವ ಕೆಲಸ ರೋಸಿನ್‌ದು. ಉಜ್ಜಾಟದ ಬಿಸಿ ಏರಿದಂತೆ ಅದರ ಹಿಡಿತ ಸಡಿಲಾಗುತ್ತದೆ, ತಣಿದರೆ ಮತ್ತೆ ಬಿಗಿಯಾಗುತ್ತದೆ. ನಿಂತಾಗ ಗಟ್ಟಿ ಹಿಡಿದು, ಜಾರುವಾಗ ಸಲೀಸಾಗಿ ಬಿಡುವ ಈ ಗುಣವೇ ನಾದಕ್ಕೆ ಬೇಕಾದದ್ದು.

ಕಮಾನು ಎಳೆದಾಗ ತಂತಿ ಹೇಗೆ ಕುಣಿಯುತ್ತದೆ ಅಂತ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲೇ ನೋಡಿದ್ದರು. ಅದನ್ನು ಇನ್ನೂ ಆಳಕ್ಕೆ ಒಯ್ದವರು ನಮ್ಮ ಸಿ.ವಿ. ರಾಮನ್. ನೊಬೆಲ್ ಬಂದದ್ದು 1930ರಲ್ಲಿ, ಬೆಳಕಿನ ಕೆಲಸಕ್ಕೆ. ಅದಕ್ಕೂ 12 ವರ್ಷ ಮೊದಲು, 1918ರಲ್ಲಿ, ಕಮಾನಿನಿಂದ ನುಡಿಸುವ ತಂತಿಗಳ ಕಂಪನದ ಬಗ್ಗೆ ಅವರ ದೊಡ್ಡ ಪ್ರಬಂಧ ಕೋಲ್ಕತ್ತದಲ್ಲಿ ಪ್ರಕಟವಾಗಿತ್ತು. ಪಿಟೀಲನ್ನು ಯಂತ್ರದಿಂದ ನುಡಿಸಿಯೂ ಅವರು ಪ್ರಯೋಗ ಮಾಡಿದ್ದರು. ಬೆಂಗಳೂರಿನಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ಮುಂದೆ ಕ್ಯಾಬ್‌ನಲ್ಲಿ ಹೋಗುವಾಗ ನನಗೆ ಈಗ ಪಿಟೀಲೇ ನೆನಪಾಗುತ್ತದೆ.

ಪೈನ್ ಮರದ ಅಂಟು, ಪೂಜೆಯ ರಾಳವಲ್ಲ

ರೋಸಿನ್ ಸಿಗುವುದು ಪೈನ್ ಮರದಿಂದ. ಕಾಂಡಕ್ಕೆ ಗಾಯ ಮಾಡಿದರೆ ಅಂಟು ಸುರಿಯುತ್ತದೆ. ಅದನ್ನು ಕಾಯಿಸಿದರೆ ಟರ್ಪೆಂಟೈನ್ ಆವಿಯಾಗಿ ಬೇರೆಯಾಗುತ್ತದೆ. ತಳದಲ್ಲಿ ಉಳಿದದ್ದು ತಣಿದು ಗಾಜಿನಂತೆ ಗಟ್ಟಿಯಾಗುತ್ತದೆ. ಅದೇ ರೋಸಿನ್. ನಮ್ಮ ದೇಶದಲ್ಲಿ ಹಿಮಾಚಲ, ಉತ್ತರಾಖಂಡದ ಚೀಡ್ ಮರಗಳಿಂದ ಈ ಅಂಟು ತೆಗೆಯುತ್ತಾರೆ. ಚೀನಾ, ಬ್ರೆಜಿಲ್, ಇಂಡೋನೇಷ್ಯಾಗಳಲ್ಲೂ ದೊಡ್ಡ ಪ್ರಮಾಣದಲ್ಲಿ ತೆಗೆಯುತ್ತಾರೆ. ಅದರ ಬಹುಪಾಲು ಹೋಗುವುದು ಕಾಗದ, ಬಣ್ಣ, ಅಂಟಿನ ಕಾರ್ಖಾನೆಗಳಿಗೆ. ಸಂಗೀತಕ್ಕೆ ಬರುವುದು ತೀರಾ ಸ್ವಲ್ಪ.

ಎಂಜಿನಿಯರಿಂಗ್ ಓದಿದವರೆಲ್ಲ ಇದನ್ನು ಮೂಸಿರುತ್ತೀರಿ. ಲ್ಯಾಬ್‌ನಲ್ಲಿ ಸೋಲ್ಡರಿಂಗ್ ಮಾಡುವಾಗ ಏಳುವ ಹೊಗೆಯ ವಾಸನೆ ಬಹುತೇಕ ಇದರದ್ದೇ. ಸೋಲ್ಡರ್ ತಂತಿಯೊಳಗಿನ ಫ್ಲಕ್ಸ್ ಸಾಮಾನ್ಯವಾಗಿ ರೋಸಿನ್.

ಇಲ್ಲಿ ಎರಡು ಎಚ್ಚರಿಕೆ. ಒಂದು, ರೋಸಿನ್ ಮುಗಿಯಿತು ಅಂತ ಮೋಟರ್ ರಿವೈಂಡಿಂಗ್ ಅಂಗಡಿಯಿಂದ ಫ್ಲಕ್ಸ್ ಪೇಸ್ಟ್ ತಂದು ಹಚ್ಚಬೇಡಿ. ಪೇಸ್ಟ್‌ನಲ್ಲಿ ಜಿಡ್ಡು ಇರುತ್ತದೆ. ಜಿಡ್ಡು ತಾಗಿದ ಕೂದಲು ಮತ್ತೆ ನುಡಿಯುವುದು ಕಷ್ಟ. ಎರಡು, "ರೋಸಿನ್ ಅಂದ್ರ ರಾಳ, ರಾಳ ಪೂಜಾ ಸಾಮಾನಿನ ಅಂಗಡ್ಯಾಗ ಸಿಗ್ತದಲ್ಲ" ಅನ್ನುವವರಿದ್ದಾರೆ. ರಾಳ ಅಂತ ಗಿಡಮೂಲಿಕೆ ಅಂಗಡಿಯಲ್ಲಿ ಮಾರುವುದು ಸಾಮಾನ್ಯವಾಗಿ ಸಾಲ ಮರದ ಅಂಟು. ಧೂಪಕ್ಕೆ ಹಾಕುವ ಲೋಬಾನ, ಗುಗ್ಗುಳ ಬೇರೆ ಬೇರೆ ಗಿಡಗಳದ್ದು. ವಾಸನೆ ಚೆನ್ನಾಗಿರುತ್ತದೆ, ಕಮಾನಿಗೆ ಆಗಿಬರುವುದಿಲ್ಲ.

ಯಾವುದು ಕೊಳ್ಳಬೇಕು?

ಅಂಗಡಿಯಲ್ಲೂ ಆನ್‌ಲೈನ್‌ನಲ್ಲೂ ಕಾಣುವ ಮೊದಲ ಭೇದ ಬಣ್ಣದ್ದು: ತಿಳಿ ಹಳದಿ ಮತ್ತು ಕಡುಗಂದು. ತಿಳಿ ಬಣ್ಣದವು ಸಾಮಾನ್ಯವಾಗಿ ಗಟ್ಟಿ, ಕಡಿಮೆ ಅಂಟು. ಕಡು ಬಣ್ಣದವು ಸ್ವಲ್ಪ ಮೆದು, ಹಿಡಿತ ಹೆಚ್ಚು. ಇದು ಕಟ್ಟಳೆಯೇನಲ್ಲ, ತಯಾರಕರ ಪಾಕದ ಮೇಲೆ ಬದಲಾಗುತ್ತದೆ. ಆದರೂ ಸೆಕೆಯ ಊರಿಗೆ ಗಟ್ಟಿಯಾದದ್ದು, ಚಳಿಯ ಊರಿಗೆ ಮೆದುವಾದದ್ದು ಅನ್ನುವ ಲೆಕ್ಕ ಬಹುತೇಕ ಸರಿಹೋಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಜಿಲ್ಲೆಗೆ ತಿಳಿ ಬಣ್ಣದ ಗಟ್ಟಿ ರೋಸಿನ್ ವಾಸಿ.

ವಾದ್ಯ ಯಾವುದು ಅಂತಲೂ ನೋಡಿ. ಚೆಲ್ಲೊಗೆ ಪಿಟೀಲಿಗಿಂತ ಹೆಚ್ಚು ಹಿಡಿತ ಬೇಕು, ಡಬಲ್ ಬೇಸ್‌ಗೆ ಇನ್ನೂ ಹೆಚ್ಚು. ಡಬಲ್ ಬೇಸ್‌ನ ರೋಸಿನ್ ಪಿಟೀಲಿಗೆ ಹಚ್ಚಿದರೆ ಕಮಾನು ತಂತಿಗೆ ಅಂಟಿಕೊಂಡು ಗೊರ ಗೊರ ಅನ್ನುತ್ತದೆ. ಡಬ್ಬಿಯ ಮೇಲೆ ವಾದ್ಯದ ಹೆಸರು ಓದಿಯೇ ಕೊಳ್ಳಿ.

ಇನ್ನು ಬೆಲೆ. ಕಲಿಯುವವರಿಗೆ ಒಂದೆರಡು ನೂರು ರೂಪಾಯಿಯ ಸಾದಾ ಗಟ್ಟಿ ಸಾಕು. ಜರ್ಮನಿಯ ಪಿರಾಸ್ಟ್ರೊ, ಇಂಗ್ಲೆಂಡಿನ ಹೈಡರ್ಸೈನ್, ಫ್ರಾನ್ಸಿನ ಬರ್ನಾರ್ಡೆಲ್ ಅಂತ ಹೆಸರಾಂತ ಬ್ರಾಂಡ್‌ಗಳಿವೆ. ಪುಡಿ ನಯವಾಗಿರುತ್ತದೆ, ಹಿಡಿತ ಒಂದೇ ಸಮ ಇರುತ್ತದೆ. ಆ ವ್ಯತ್ಯಾಸ ಕಿವಿಗೆ ತಿಳಿಯಬೇಕಾದರೆ ಕೈ ಮೊದಲು ಒಂದೇ ಸಮ ಎಳೆಯಲು ಕಲಿತಿರಬೇಕು. ಚಿನ್ನ, ಬೆಳ್ಳಿಯ ಪುಡಿ ಬೆರೆಸಿದ ಗಟ್ಟಿಗಳೂ ಮಾರಾಟಕ್ಕಿವೆ. ಮೊದಲೆರಡು ವರ್ಷ ಅದರ ಕಡೆ ನೋಡುವುದೇ ಬೇಡ. ಆ ರೊಕ್ಕದಲ್ಲಿ ಒಂದು ಸೆಟ್ ಒಳ್ಳೆ ತಂತಿ ಬರುತ್ತದೆ, ಅದರ ಲಾಭ ಮೊದಲ ದಿನವೇ ಕೇಳಿಸುತ್ತದೆ.

ಹಚ್ಚುವ ಕ್ರಮ

ಹೊಸ ಗಟ್ಟಿಯ ಮೈ ಗಾಜಿನಂತೆ ನುಣುಪಾಗಿರುತ್ತದೆ. ಹಾಗೇ ಉಜ್ಜಿದರೆ ಪುಡಿ ಬಿಡುವುದಿಲ್ಲ. ನಯವಾದ ಪಾಲಿಶ್ ಪೇಪರ್‌ನಿಂದ ಮೆಲ್ಲಗೆ ಗೀಚಿ, ಮೈ ಮಂಜಾಗುವಷ್ಟು ಸಾಕು.

ಕಮಾನಿನ ಕೂದಲನ್ನು ನುಡಿಸುವಾಗಿನಷ್ಟೇ ಬಿಗಿ ಮಾಡಿ. ಕೂದಲನ್ನು ಗಟ್ಟಿಯ ಮೇಲೆ ಚಪ್ಪಟೆಯಾಗಿ ಇಟ್ಟು, ಹಿಡಿಕೆಯಿಂದ ತುದಿಯವರೆಗೆ ನಿಧಾನವಾಗಿ ಎಳೆಯಿರಿ. ಒತ್ತಬೇಡಿ. ಜೋರಾಗಿ ಗಸಗಸ ಉಜ್ಜಿದರೆ ಬಿಸಿಗೆ ರೋಸಿನ್ ಕರಗಿ ಗಾಜಿನ ಪೊರೆಯಂತೆ ಕೂತುಬಿಡುತ್ತದೆ. ರೋಸಿನ್ ಕಾಣದ ಹೊಸ ಕೂದಲಿಗೆ ನಲವತ್ತು-ಐವತ್ತು ಎಳೆತ ಬೇಕಾಗಬಹುದು. ಒಮ್ಮೆ ಹದಕ್ಕೆ ಬಂದ ಮೇಲೆ ದಿನಕ್ಕೆ ಮೂರೋ ನಾಲ್ಕೋ ಸಾಕು. ಅರ್ಧ ಗಂಟೆ ನುಡಿಸುವವರು ದಿನ ಬಿಟ್ಟು ದಿನ ಹಚ್ಚಿದರೂ ನಡೆಯುತ್ತದೆ.

ಗಟ್ಟಿಯನ್ನು ಆಗಾಗ ತಿರುಗಿಸುತ್ತಾ ಹಚ್ಚಿ. ಒಂದೇ ಜಾಗದಲ್ಲಿ ಎಳೆದರೆ ನಡುವೆ ಕಾಲುವೆ ಬಿದ್ದು, ಒಂದು ದಿನ ಎರಡು ಹೋಳಾಗುತ್ತದೆ.

ಹೆಚ್ಚೋ ಕಡಿಮೆಯೋ ಅಂತ ಕಿವಿಯಿಂದಲೇ ತಿಳಿಯಬಹುದು. ದನಿ ಪಿಸುಪಿಸು ಅಂದರೆ, ಕಮಾನು ಜಾರಿದರೆ ಕಡಿಮೆ. ಗರಗರ ಅಂತ ಕರ್ಕಶವಾದರೆ, ತಂತಿಯ ಕೆಳಗೆ ಬಿಳಿ ಪುಡಿ ರಂಗೋಲಿ ಹಾಕಿದಂತೆ ಬಿದ್ದರೆ ಹೆಚ್ಚು. ಹೆಚ್ಚಾದರೆ ನಾಲ್ಕೈದು ದಿನ ಹಚ್ಚದೆ ನುಡಿಸಿ, ತಾನೇ ಸರಿಹೋಗುತ್ತದೆ. ಶುರುವಿನಲ್ಲಿ ಕಡಿಮೆ ಹಚ್ಚಿ ಒದ್ದಾಡುವವರು ಕಾಲಕ್ರಮೇಣ ಹೆಚ್ಚು ಹಚ್ಚುವ ಅಭ್ಯಾಸಕ್ಕೆ ಬೀಳುತ್ತಾರೆ. ದನಿ ಕೆಟ್ಟಾಗಲೆಲ್ಲ ಮತ್ತಷ್ಟು ಹಚ್ಚುತ್ತಾ ಹೋದರೆ ಅದು ಇನ್ನೂ ಕೆಡುತ್ತದೆ.

ಬಹಳ ಮುಖ್ಯವಾದ ಮಾತು: ಕೂದಲನ್ನು ಕೈಯಿಂದ ಮುಟ್ಟಬೇಡಿ. ನಮ್ಮಲ್ಲಿ ಎಷ್ಟೋ ಪಿಟೀಲುವಾದಕರು ಎಡಗೈ ಬೆರಳು ಗಮಕಕ್ಕೆ ಸಲೀಸಾಗಿ ಜಾರಲಿ ಅಂತ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಾರೆ. ಸಾರಂಗಿಯವರು ಅದಕ್ಕೇ ಪೌಡರ್ ಬಳಸುತ್ತಾರೆ. ಎಣ್ಣೆ ಎಡಗೈಯಲ್ಲೇ ಇರಬೇಕು. ಕಮಾನು ಓಡಾಡುವ ಜಾಗದ ತಂತಿಗೂ ಕೂದಲಿಗೂ ಅದು ತಾಗಿದರೆ ರೋಸಿನ್ ಕೆಲಸ ಮಾಡದು. ಮಕ್ಕಳಿಗೆ ತಲೆಗೆ ಎಣ್ಣೆ ಹಚ್ಚಿದ ಮೇಲೆ ಕೈ ತೊಳೆಸಿ ಪಿಟೀಲು ಕೊಡಿ.

ಬಿಸಿಲು, ಮಳೆ, ಫರಸಿ

ಆಳಂದದಲ್ಲಿ ಬ್ಯಾಂಕ್ ನೌಕರಿ ಮಾಡುವ ನನ್ನ ಗೆಳೆಯನೊಬ್ಬ ಪಿಟೀಲು ನುಡಿಸುತ್ತಾನೆ. ಏಪ್ರಿಲ್‌ನಲ್ಲಿ ಅವನ ರೋಸಿನ್ ಡಬ್ಬಿಗೇ ಅಂಟಿಕೊಂಡು, ಜೋನಿ ಬೆಲ್ಲದ ಹಾಗಾಗಿತ್ತಂತೆ. ಪೆಟ್ಟಿಗೆಯನ್ನು ಇಡೀ ಮಧ್ಯಾಹ್ನ ಕಾರಿನಲ್ಲಿ ಬಿಟ್ಟಿದ್ದ. ರೋಸಿನ್‌ಗೆ ಮಂಜುಗಡ್ಡೆಯಂತೆ ಇಂತಿಷ್ಟೇ ಡಿಗ್ರಿಗೆ ಕರಗುವ ಗುಣ ಇಲ್ಲ. ಬಿಸಿ ಏರಿದಂತೆ ಮೆತ್ತಗಾಗುತ್ತಾ ಹೋಗಿ 70–80 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಪೂರ್ತಿ ಸಡಿಲುತ್ತದೆ. ನಮ್ಮ ಬಿಸಿಲಿಗೆ ನಿಂತ ಕಾರಿನ ಒಳಗೆ 60 ಡಿಗ್ರಿ ದಾಟುವುದು ದೊಡ್ಡ ಮಾತಲ್ಲ. ರೋಸಿನ್ ಅಷ್ಟೇ ಅಲ್ಲ, ಪಿಟೀಲಿನ ಅಂಟೂ ಬಿಟ್ಟುಕೊಳ್ಳಬಹುದು. ತಗಡಿನ ಮನೆಯ ಅಟ್ಟದ ಮೇಲೂ ಇಡಬೇಡಿ. ಹಳೇ ಮನೆಯ ದಪ್ಪ ಗೋಡೆಯ ಗೂಡು ಇದ್ದರೆ ಅದರಷ್ಟು ಒಳ್ಳೆ ಜಾಗ ಇನ್ನೊಂದಿಲ್ಲ.

ಅಫಜಲಪುರದ ಕಡೆ ಭೀಮಾ ದಂಡೆಯ ಊರಿನ ಇನ್ನೊಬ್ಬ ಗೆಳೆಯನ ತಕರಾರು ಮಳೆಗಾಲದ್ದು. "ಮಳಿ ಹತ್ತಿದ್ರ ಕಮಾನು ಸಡ್ಲ ಆಗ್ತದಲೇ, ರೋಸಿನ್ ಹಚ್ಚಿದ್ರೂ ಮೆತ್ತಗ ಹೊಡೀತದ" ಅಂದ. ಥಂಡಿ ಗಾಳಿಗೆ ಕೂದಲು ಉದ್ದವಾಗುತ್ತದೆ. ಅದಕ್ಕೆ ಮದ್ದು ಹಿಡಿಕೆಯ ತುದಿಯ ತಿರುಪು: ಒಂದು ಸುತ್ತು ಹೆಚ್ಚು ಬಿಗಿ ಮಾಡಬೇಕು. ಒಣ ಹವೆಯಲ್ಲಿ ತಿರುಗಾಮುರುಗಾ. ಕೂದಲು ಗಿಡ್ಡವಾಗಿ ಕಡ್ಡಿಯನ್ನು ಎಳೆಯುತ್ತದೆ. ನುಡಿಸಿದ ಮೇಲೆ ಪ್ರತಿಸಲ ಕಮಾನು ಸಡಿಲ ಮಾಡಿಡಿ. ಬಿಗಿಯಾಗೇ ಬಿಟ್ಟ ಕಮಾನು ಬೇಸಿಗೆಯಲ್ಲಿ ಸೊಟ್ಟಗಾಗಬಹುದು.

ಇನ್ನು ಶಹಾಬಾದ್ ಫರಸಿ. ನಮ್ಮ ಮನೆಗಳ ನೆಲವೆಲ್ಲ ಅದೇ. ಬೇಸಿಗೆಯಲ್ಲಿ ತಣ್ಣಗಿರುತ್ತದೆ ನಿಜ, ಆದರೆ ಅದರ ಮೇಲೆ ಬಿದ್ದ ರೋಸಿನ್ ಗಾಜಿನ ಬಳೆಯಂತೆ ಚೂರಾಗುತ್ತದೆ. ಚಾಪೆಯ ಮೇಲೆ ಕೂತು ಹಚ್ಚಿ. ಗಟ್ಟಿಗೆ ಬಟ್ಟೆ ಸುತ್ತಿಯೇ ಇಡಿ. ಒಡೆದರೆ ದೊಡ್ಡ ಚೂರನ್ನು ಬಳಸಬಹುದು. ಚೂರುಗಳನ್ನು ಗ್ಯಾಸ್ ಮೇಲೆ ಕರಗಿಸಿ ಜೋಡಿಸುವ ಸಾಹಸ ಬೇಡ, ರೋಸಿನ್‌ಗೆ ಬೆಂಕಿ ಹತ್ತುತ್ತದೆ. ನೂರಿನ್ನೂರು ರೂಪಾಯಿಗೆ ಹೊಸದು ಬರುತ್ತದೆ.

ಒರೆಸುವುದು, ಕೆಮ್ಮು ಬಂದರೆ

ನುಡಿಸಿದ ಮೇಲೆ ತಂತಿ ಮತ್ತು ಪಿಟೀಲಿನ ಮೈ ಮೇಲಿನ ಪುಡಿಯನ್ನು ಒಣ ಮೆತ್ತನೆ ಹತ್ತಿ ಬಟ್ಟೆಯಿಂದ ಒರೆಸಿ. ಬಿಟ್ಟರೆ ಅದು ವಾರ್ನಿಷ್‌ಗೆ ಅಂಟಿ ಪೊರೆಗಟ್ಟುತ್ತದೆ. ಆಮೇಲೆ ಸ್ಪಿರಿಟ್ ಅಥವಾ ಸ್ಯಾನಿಟೈಸರ್ ಹಾಕಿ ಉಜ್ಜಿದರೆ ರೋಸಿನ್ ಜೊತೆ ವಾರ್ನಿಷೂ ಕರಗಿ ಬರುತ್ತದೆ. ಎರಡು ನಿಮಿಷದ ಒಣ ಬಟ್ಟೆಯ ಕೆಲಸ ಸಾಕು.

ರೋಸಿನ್ ಪುಡಿ ಎಲ್ಲರಿಗೂ ಒಗ್ಗುವುದಿಲ್ಲ. ಸೋಲ್ಡರಿಂಗ್ ಹೊಗೆಯಿಂದ ಕೆಲವು ಕೆಲಸಗಾರರಿಗೆ ಅಸ್ತಮಾ ಬರುವುದು ವೈದ್ಯರಿಗೆ ಗೊತ್ತಿರುವ ಸಂಗತಿ. ಮನೆಯಲ್ಲಿ ದಮ್ಮು ಇರುವವರಿದ್ದರೆ ಕಿಟಕಿ ತೆರೆದ ಕೋಣೆಯಲ್ಲಿ ಹಚ್ಚಿ, ಕಮಾನನ್ನು ಗಾಳಿಯಲ್ಲಿ ಝಾಡಿಸಬೇಡಿ. ನುಡಿಸಿದಾಗಲೆಲ್ಲ ಮಗುವಿಗೆ ಸೀನು, ಕೆಮ್ಮು, ಬೆರಳಲ್ಲಿ ತುರಿಕೆ ಬಂದರೆ ಡಾಕ್ಟರಿಗೆ ರೋಸಿನ್ ವಿಷಯವನ್ನೂ ಹೇಳಿ. ಅಲರ್ಜಿ ಇರುವವರಿಗಾಗಿಯೇ ಬೇರೆ ವಸ್ತುವಿನಿಂದ ಮಾಡಿದ, ಪುಡಿ ಕಡಿಮೆ ಏಳುವ ಗಟ್ಟಿಗಳೂ ಸಿಗುತ್ತವೆ.

ಇಷ್ಟೆಲ್ಲ ಮಾಡಿದರೂ ಕಮಾನು ಹಿಡಿಯುತ್ತಿಲ್ಲ ಅಂದರೆ ಕೂದಲು ಸವೆದಿದೆ ಅಂತ ಅರ್ಥ. ಆಗ ಕೂದಲು ಬದಲಿಸಬೇಕು. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ, ವಾದ್ಯ ರಿಪೇರಿಯವರ ಕೈಗೆ ಕೊಡಿ.

ದೂರದೂರಲ್ಲಿ ನೌಕರಿ ಮಾಡುತ್ತಾ ಊರಿನ ಮಕ್ಕಳಿಗೆ ಫೋನಿನಲ್ಲೇ ಪಿಟೀಲು ಆರ್ಡರ್ ಮಾಡುವವರು ನಮ್ಮಲ್ಲಿ ಈಗ ಅನೇಕರಿದ್ದೇವೆ. ಆರ್ಡರ್ ಮಾಡುವಾಗಲೇ ಇನ್ನೊಂದು ರೋಸಿನ್ ಸೇರಿಸಿಬಿಡಿ. ಪಾರ್ಸೆಲ್ ತಲುಪಿದ ದಿನ ಹದಿನೈದು ನಿಮಿಷ ವಿಡಿಯೊ ಕಾಲ್‌ನಲ್ಲಿ ಕೂತು ಮೊದಲ ಐವತ್ತು ಎಳೆತ ಎಣಿಸಿ. ಪಿಟೀಲು ಕಲಿಯುವುದು ವರ್ಷಗಳ ಕೆಲಸ, ಮಕ್ಕಳು ಬಿಡಲು ಹತ್ತು ಕಾರಣ ಸಿಗುತ್ತವೆ. ಪೆಟ್ಟಿಗೆಯ ಮೂಲೆಯಲ್ಲಿ ಉಳಿದ ಡಬ್ಬಿ ಅದಕ್ಕೆ ಹನ್ನೊಂದನೇ ಕಾರಣ ಆಗುವುದು ಬೇಡ.